ಕತ್ತಿಯೂ ಕಾಪೂ

ಕನ್ನಡ ನಾಡಿನ ಮನೆಗಳಲ್ಲಿ ಶಿಶುವಿನ ಮೊದಲ ವರ್ಷವನ್ನು ಪಂಚಾಂಗ ನೋಡಿ ಎಣಿಸುವುದಕ್ಕಿಂತ ಅದರ ಅಂಗಚಲನೆಯನ್ನು ನೋಡಿ ಎಣಿಸುವುದೇ ವಾಡಿಕೆ. ಕತ್ತು ನಿಂತಿತು, ಬೋರಲು ಬಿದ್ದಿತು, ಅಂಬೆಗಾಲಿಕ್ಕಿತು, ಹೊಸ್ತಿಲು ದಾಟಿತು ಎಂದು ಅಜ್ಜಿಯರು ಒಂದೊಂದನ್ನೂ ನೆನಪಿನಲ್ಲಿಟ್ಟುಕೊಳ್ಳುತ್ತಾರೆ. ಹೊಸ್ತಿಲು ದಾಟಿದ ದಿನ ಸಿಹಿ ಮಾಡಿ ನೆರೆಮನೆಗಳಿಗೆ ಬೀರುವುದೂ ಉಂಟು. ಸಾವಿರ ಶಿಶುಗಳಲ್ಲಿ ಇಬ್ಬರು ಮೂವರ ಪಾಲಿಗೆ ಈ ಎಣಿಕೆ ನಡುವೆ ಎಲ್ಲಿಯೋ ನಿಂತುಹೋಗುತ್ತದೆ. ಕತ್ತು ನಿಲ್ಲಬೇಕಾದ ತಿಂಗಳಲ್ಲಿ ನಿಲ್ಲುವುದಿಲ್ಲ; ಆಡಬೇಕಾದ ಕೈಕಾಲುಗಳು ಕಟ್ಟಿಗೆಯಂತೆ ಸೆಟೆದುಕೊಳ್ಳುತ್ತವೆ. ವೈದ್ಯರು ಈ ಅವಸ್ಥೆಯನ್ನು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಮೆದುಳಿನ ವಾತವೆಂದರೂ ಸಲ್ಲುತ್ತದೆ. ಗರ್ಭದಲ್ಲಿಯೋ, ಹೆರಿಗೆಯ ಸಮಯದಲ್ಲಿಯೋ, ಎಳೆತನದಲ್ಲಿಯೋ, ಬೆಳೆಯುತ್ತಿರುವ ಮೆದುಳಿಗೆ ತಗುಲಿದ ಪೆಟ್ಟು ಇದಕ್ಕೆ ಮೂಲ. ಆ ಪೆಟ್ಟು ಮುಂದೆ ಹೆಚ್ಚುವುದಿಲ್ಲ, ಮಾಯುವುದೂ ಇಲ್ಲ. ಆದರೆ ಅದರ ಫಲವನ್ನು ಅನುಭವಿಸುವ ದೇಹವು ಬೆಳೆಯುತ್ತ ಹೋಗುತ್ತದೆ. ಕಷ್ಟವೆಲ್ಲವೂ ಅಲ್ಲಿಂದಲೇ ಆರಂಭವಾಗುವುದು.

ಮಲೆನಾಡಿನ ಸೆರಗಿನಲ್ಲಿರುವ ಒಂದು ಊರಿನಲ್ಲಿ ಅಂತಹ ಒಂದು ಮನೆ. ಅಲ್ಲಿ 2009ನೆಯ ಇಸವಿಯಲ್ಲಿ, ತಿಂಗಳು ತುಂಬುವ ಮೊದಲೇ, ಒಂದು ಗಂಡುಮಗು ಹುಟ್ಟಿತು. ಅವನಿಗೆ ಒಂಬತ್ತು ವರ್ಷ ತುಂಬುವ ಹೊತ್ತಿಗೆ ಮನೆಯವರೆಲ್ಲರೂ ಅವನ ಸ್ಥಿತಿಗೆ ಒಗ್ಗಿಹೋಗಿದ್ದರು. ಹುಡುಗನಿಗೆ ಮಾತು ಬಾರದು; ಆದರೆ ಆಡಿದ ಮಾತು ತಿಳಿಯದೆ ಇರಲಿಲ್ಲ. ಸಂಜೆ ಅಂಗಳದಲ್ಲಿ ತಂದೆಯ ಮೋಟಾರುಸೈಕಲ್ಲಿನ ಸದ್ದು ಕೇಳಿಸಿದರೆ ಅವನ ಮುಖವು ಅರಳುತ್ತಿದ್ದಿತು. ಅವನ ಕಾಲುಗಳು ಕತ್ತರಿಯ ಅಲಗುಗಳಂತೆ ಒಂದರ ಮೇಲೊಂದು ಹೆಣೆದುಕೊಳ್ಳುತ್ತಿದ್ದುವು. ಮೀಸುವಾಗ ತಾಯಿ ಅವುಗಳನ್ನು ಮೆಲ್ಲಗೆ ಬಿಡಿಸಿ ನಡುವೆ ಒಂದು ಮಡಿಸಿದ ಟವಲನ್ನು ಇಡುತ್ತಿದ್ದಳು. 2018ರ ಮಳೆಗಾಲದಲ್ಲಿ ಆ ಟವಲು ಇಡುವುದು ಕಠಿನವಾಯಿತು. ಬಲಗಾಲನ್ನು ಮುಟ್ಟಿದೊಡನೆಯೇ ಹುಡುಗನು ಹಲ್ಲು ಕಚ್ಚಿ, ಕಣ್ಣುಗಳನ್ನು ಎಡಕ್ಕೆ ಹೊರಳಿಸಿ, ಸ್ವರವಿಲ್ಲದೆ ಅಳತೊಡಗಿದನು. ಅಜ್ಜಿ ದೃಷ್ಟಿ ತೆಗೆದಳು. ತಂದೆ ಉಳುಕೆಂದು ಎಣಿಸಿ ಎಣ್ಣೆ ತಿಕ್ಕಿಸಿದನು. ಕೊನೆಗೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಕ್ಷಕಿರಣದ ಚಿತ್ರ ತೆಗೆದಾಗ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಿಂದ ಬಹುಮಟ್ಟಿಗೆ ಹೊರಗೆ ಜಾರಿದ್ದುದು ಕಂಡುಬಂದಿತು.

ಶಸ್ತ್ರವೈದ್ಯರು ವಯಸ್ಸಾದವರು, ಮಿತಭಾಷಿಗಳು. ತಂದೆಯ ಬಾಯಿಂದ ಮೊದಲು ಹೊರಟ ಪ್ರಶ್ನೆ ಎಲ್ಲ ತಂದೆಯರೂ ಕೇಳುವಂತಹುದೇ ಆಗಿದ್ದಿತು.

"ಆಪರೇಷನ್ ಆದ ಮೇಲೆ ಇವನು ನಡೆಯುತ್ತಾನೆಯೇ, ಡಾಕ್ಟರೇ?"

"ಇಲ್ಲ," ಎಂದರು ವೈದ್ಯರು. "ನಡೆಯುವುದಿಲ್ಲ. ನೋವಿಲ್ಲದೆ ಕೂತುಕೊಳ್ಳಬಹುದು. ನೀವು ಅವನನ್ನು ಮೀಸುವಾಗ, ಬಟ್ಟೆ ತೊಡಿಸುವಾಗ ಅವನು ಅಳುವುದಿಲ್ಲ. ಅಷ್ಟಕ್ಕಾಗಿ ಈ ಕೆಲಸ."

ಬಳಿಕ ಹುಡುಗನನ್ನು ತೂಗಿಸಿದರು. ಒಂಬತ್ತು ವರ್ಷದ ಹುಡುಗನ ತೂಕ 13 ಕಿಲೋ. ವೈದ್ಯರು ಕಾಗದವನ್ನು ಮಡಿಸಿ, "ಈಗ ಬೇಡ. ಇವನ ಮೈ ಸ್ವಲ್ಪ ತುಂಬಲಿ. ಮೂರು ತಿಂಗಳು ಬಿಟ್ಟು ಬನ್ನಿ," ಎಂದುಬಿಟ್ಟರು. ಮಗು ನೋವಿನಿಂದ ನರಳುತ್ತಿರುವಾಗ ತೂಕದ ಮಾತೇಕೆ ಎಂದು ತಂದೆಗೆ ಸಿಟ್ಟು ಬಂದಿತು. ಹಣವಿದ್ದವರಾಗಿದ್ದರೆ ಹೀಗೆ ಹಿಂದಕ್ಕೆ ಕಳುಹಿಸುತ್ತಿದ್ದರೆ ಎಂದು ಅವನು ಬಸ್ಸಿನಲ್ಲಿ ಹೆಂಡತಿಯೊಡನೆ ಹೇಳಿಕೊಂಡನು. ಆ ಮೂರು ತಿಂಗಳೂ ಚಿಕಿತ್ಸೆಯ ಒಂದು ಭಾಗವೆಂಬುದು ಅವನಿಗೆ ತಿಳಿದುದು ಬಹಳ ತಡವಾಗಿ.

ದೋಷವಿರುವುದು ಮೆದುಳಿನಲ್ಲಿ, ಹೀಗಿರಲು ಕಾಲಿಗೆ ಕತ್ತಿ ಹಾಕುವುದೇಕೆ ಎಂದು ಯಾರಾದರೂ ಕೇಳಬಹುದು. ಕಾರಣವಿಷ್ಟೆ. ಮೆದುಳು ಸ್ನಾಯುವಿಗೆ ಸಡಿಲವಾಗು ಎಂಬ ಅಪ್ಪಣೆಯನ್ನು ಸರಿಯಾಗಿ ಕೊಡಲಾರದುದರಿಂದ ಸ್ನಾಯುವು ಹಗಲಿರುಳೂ ಬಿಗಿದುಕೊಂಡೇ ಇರುತ್ತದೆ. ಮಗು ಬೆಳೆದಂತೆ ಮೂಳೆಯು ಉದ್ದವಾಗುತ್ತದೆ. ಬಿಗಿದ ಸ್ನಾಯುವು ಅದರೊಡನೆ ಹೆಜ್ಜೆ ಹಾಕಲಾರದೆ ಹಿಂದೆ ಬೀಳುತ್ತದೆ. ಹೀಗೆ ಹಿಮ್ಮಡಿ ನೆಲ ಬಿಡುತ್ತದೆ, ಮೊಣಕಾಲು ಮಡಿಸಿಕೊಳ್ಳುತ್ತದೆ, ತೊಡೆಗಳು ಹೆಣೆದುಕೊಳ್ಳುತ್ತವೆ. ಹುಟ್ಟುವಾಗ ಸರಿಯಾಗಿಯೇ ಇದ್ದ ಸೊಂಟದ ಕೀಲು, ಒಳತೊಡೆಯ ಸ್ನಾಯುಗಳ ಎಳೆತದಿಂದಲೂ ನಿಂತು ನಡೆಯುವ ಭಾರವು ಬೀಳದೆ ಇರುವುದರಿಂದಲೂ, ವರ್ಷ ವರ್ಷಕ್ಕೆ ಸರಿಯುತ್ತ ಬರುತ್ತದೆ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಈ ವ್ಯಾಧಿಯ ಮಕ್ಕಳಲ್ಲಿ ನೂರಕ್ಕೆ 35 ಮಂದಿಗೆ ಕೀಲು ಜಾರಿದ್ದಿತು. ಚೆನ್ನಾಗಿ ನಡೆಯಬಲ್ಲವರಲ್ಲಿ ಒಬ್ಬರಿಗೂ ಇರಲಿಲ್ಲ, ಕುಳಿತುಕೊಳ್ಳಲೂ ಆಗದ ಮಕ್ಕಳಲ್ಲಿ ನೂರಕ್ಕೆ 90ರಷ್ಟಿದ್ದಿತು. ಎಂದರೆ, ಅತ್ಯಂತ ದುರ್ಬಲನಾದ ಮಗುವಿಗೇ ಅತ್ಯಂತ ದೊಡ್ಡ ಶಸ್ತ್ರಕ್ರಿಯೆಯು ಬೇಕಾಗಿ ಬರುತ್ತದೆ. ಈ ವಿಷಯದ ತೊಡಕೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ.

ಇಂತಹ ಮಕ್ಕಳ ಅಂಗಗಳಿಗೆ ಶಸ್ತ್ರದಿಂದ ಉಪಕಾರ ಮಾಡುವ ವಿದ್ಯೆಯ ಮೂಲಪುರುಷರಲ್ಲೊಬ್ಬನು ತಾನೇ ಕುಂಟನಾಗಿದ್ದನು. ವಿಲಿಯಮ್ ಜಾನ್ ಲಿಟ್ಲ್ ಎಂಬವನು 1810ರಲ್ಲಿ ಲಂಡನ್ ನಗರದಲ್ಲಿ ಜನಿಸಿದನು. ಎಳೆತನದಲ್ಲಿ ಪೋಲಿಯೋ ತಗುಲಿ ಅವನ ಎಡಪಾದವು ತಿರುಚಿಕೊಂಡಿತು. ವೈದ್ಯವನ್ನು ಕಲಿತು ತನ್ನ ಕಾಲಿಗೆ ತಾನೇ ಮದ್ದನ್ನು ಹುಡುಕಹೊರಟ ಆ ಯುವಕನಿಗೆ ಜರ್ಮನಿಯ ಹಾನೋವರಿನಲ್ಲಿ ಸ್ಟ್ರೋಮೆಯರ್ ಎಂಬ ಶಸ್ತ್ರವೈದ್ಯನಿರುವ ಸಂಗತಿ ತಿಳಿಯಿತು. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವನ್ನು ಕಡಿದು ಪಾದವನ್ನು ಇಳಿಸುವುದು ಅವನ ವಿಧಾನ. ಅದಕ್ಕೆ ಹಿಂದೆ, 1816ರಲ್ಲಿ, ಫ್ರಾನ್ಸಿನ ಮೋಂಪೆಲ್ಯೆ ಪಟ್ಟಣದ ಡೆಲ್ಪೆಶ್ ಎಂಬವನು ಇದೇ ಕೆಲಸವನ್ನು ಮಾಡಿದ್ದನು. ಗಾಯವು ಕೀತು, ಅವನು ಮತ್ತೆ ಆ ಗೊಡವೆಗೆ ಹೋಗಲಿಲ್ಲ. ಸ್ಟ್ರೋಮೆಯರನು 1831ರಲ್ಲಿ ಚರ್ಮದಲ್ಲಿ ಸೂಜಿಯ ಗಾತ್ರದ ರಂಧ್ರವನ್ನಷ್ಟೇ ಮಾಡಿ, ಕಿರಿದಾದ ಅಲಗನ್ನು ಒಳಗೆ ಸೇರಿಸಿ, ರಜ್ಜುವನ್ನು ಒಳಗಿಂದೊಳಗೆ ಕಡಿಯುವ ಉಪಾಯವನ್ನು ಕಂಡನು. ಗಾಯವು ಬಾಯಿ ತೆರೆಯದಿದ್ದುದರಿಂದ ಕೀಯಲಿಲ್ಲ. ಕಡಿದೊಡನೆ ಎಳೆಯದೆ, ಕೆಲವು ದಿನ ಬಿಟ್ಟು, ಮೆಲ್ಲಮೆಲ್ಲನೆ ಪಾದವನ್ನು ತಿರುಗಿಸಿ ತರುತ್ತಿದ್ದನು. ಲಿಟ್ಲನ ಪಾದವನ್ನು ಅವನು 1836ರಲ್ಲಿ ಹೀಗೆ ಸರಿಪಡಿಸಿದನು. ಅರಿವಳಿಕೆಯಾಗಿ ಈಥರ್ ಬಳಕೆಗೆ ಬಂದುದು 1846ರಲ್ಲಿ. ಆದುದರಿಂದ ಲಿಟ್ಲನು ಎಚ್ಚರವಾಗಿದ್ದುಕೊಂಡೇ ಆ ಅಲಗನ್ನು ಸಹಿಸಿರಬೇಕು.

ವಾಸಿಯಾದ ಕಾಲಿನಿಂದ ಅವನು ಗುರುವಿನ ವಿದ್ಯೆಯನ್ನು ಕಲಿತು ಊರಿಗೆ ಹಿಂದಿರುಗಿದನು. 1837ರಲ್ಲಿ ತನ್ನ ದೇಶದಲ್ಲಿ ಆ ಶಸ್ತ್ರಕ್ರಿಯೆಯನ್ನು ಮೊದಲು ಮಾಡಿದನು. ಲಂಡನ್ನಿನಲ್ಲಿ ಅಂಗವೈಕಲ್ಯದ ಚಿಕಿತ್ಸೆಗೆಂದೇ ಒಂದು ಆಸ್ಪತ್ರೆಯು ಅವನ ಯತ್ನದಿಂದ ಹುಟ್ಟಿತು. ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಕೆಲವರ ಕಾಲು ತನ್ನ ಕಾಲಿನಂತಲ್ಲವೆಂಬುದನ್ನು ಅವನು ಕಂಡುಕೊಂಡನು. ಅವನ ಕಾಲು ಸೋತ ಕಾಲು; ಆ ಮಕ್ಕಳದು ಸೆಟೆದ ಕಾಲು. ತಾಯಂದಿರನ್ನು ಕೂರಿಸಿಕೊಂಡು ಹೆರಿಗೆಯ ವೃತ್ತಾಂತವನ್ನು ಕೇಳುತ್ತ ಬಂದನು. ತಿಂಗಳು ತುಂಬದೆ ಹುಟ್ಟಿದುದು, ಹುಟ್ಟಿದೊಡನೆ ಉಸಿರಾಡದಿದ್ದುದು, ಹೆರಿಗೆಯು ಕಷ್ಟವಾದುದು ಮತ್ತೆ ಮತ್ತೆ ಕೇಳಿಬಂದಿತು. 1861ರಲ್ಲಿ ಲಂಡನ್ನಿನ ಪ್ರಸೂತಿವೈದ್ಯರ ಸಂಘದ ಮುಂದೆ ಈ ಸಂಬಂಧವನ್ನು ಕುರಿತು ಪ್ರಬಂಧವನ್ನೋದಿದನು. ವೈದ್ಯಗ್ರಂಥಗಳಲ್ಲಿ ದೊರೆಯದ ನಿದರ್ಶನವನ್ನು ಷೇಕ್ಸ್‌ಪಿಯರನ ಮೂರನೆಯ ರಿಚರ್ಡನಲ್ಲಿ ಕಂಡು ಅದನ್ನೂ ಅಲ್ಲಿ ಹೇಳಿದನು. ಬಹುಕಾಲ ಈ ವ್ಯಾಧಿಗೆ ಲಿಟ್ಲನ ರೋಗವೆಂದೇ ಹೆಸರಿದ್ದಿತು. ಎಲ್ಲಕ್ಕೂ ಹೆರಿಗೆಯೇ ಕಾರಣವೆಂಬುದು ಮುಂದೆ ನಿಲ್ಲಲಿಲ್ಲ. ಕಷ್ಟದ ಹೆರಿಗೆಯೇ ಗರ್ಭದಲ್ಲಿನ ಹಿಂದಿನ ದೋಷದ ಕುರುಹಾಗಿರಬಹುದೆಂದು ಮನಶ್ಶಾಸ್ತ್ರದಿಂದ ಪ್ರಸಿದ್ಧನಾದ ಫ್ರಾಯ್ಡನು 1897ರ ತನ್ನ ಗ್ರಂಥದಲ್ಲಿ ಸೂಚಿಸಿದನು. ಈಚಿನ ಸಂಶೋಧನೆಗಳೂ ಹೆರಿಗೆಯ ಕಾಲದ ಉಸಿರುಕಟ್ಟಿಗೆ ಅಲ್ಪಭಾಗವನ್ನೇ ಕೊಡುತ್ತವೆ. ಆದರೆ ತಾಯಿಯನ್ನು ಕೂರಿಸಿಕೊಂಡು ಕೇಳುವ ಅವನ ಆ ಪದ್ಧತಿಗೆ ಮಾತ್ರ ಮುಪ್ಪು ಬಂದಿಲ್ಲ.

1846ರ ಅರಿವಳಿಕೆ, 1867ರಲ್ಲಿ ಲಿಸ್ಟರನು ಸಾರಿದ ಗಾಯದ ಶುದ್ಧಿ, ಇವೆರಡರಿಂದ ಶಸ್ತ್ರವೈದ್ಯನ ಕತ್ತಿಗೆ ಸ್ವಾತಂತ್ರ್ಯವು ದೊರೆಯಿತು. ಈಗ ತೊಡೆಮೂಳೆಯನ್ನು ಕೊಯ್ದು, ತಿರುಗಿಸಿ, ಲೋಹದ ಪಟ್ಟಿಯಿಂದ ಬಿಗಿದು, ಬಟ್ಟಲನ್ನೂ ತಿದ್ದಿ ಕೀಲನ್ನು ಸ್ವಸ್ಥಾನದಲ್ಲಿ ಕೂರಿಸುತ್ತಾರೆ. ಡೆಲ್ಪೆಶನನ್ನು ಹೆದರಿಸಿದ ಕೀವು ಈಗಲೂ ಇಲ್ಲದಿಲ್ಲವಾದರೂ ಅದೊಂದೇ ಭಯವಲ್ಲ. ಅಪಾಯಗಳು ಕಾಲಿನಲ್ಲಿ ಕಾದಿರುವುದಕ್ಕಿಂತ ಹೆಚ್ಚಾಗಿ ದೇಹದ ಬೇರೆ ಬೇರೆ ಮೂಲೆಗಳಲ್ಲಿ ಕಾದಿರುತ್ತವೆ.

ಅವುಗಳಲ್ಲಿ ಮೊದಲನೆಯದು ಉಸಿರು. ಮೆದುಳು ಕಾಲಿನ ಸ್ನಾಯುಗಳಿಗೆ ಮಾತ್ರವಲ್ಲದೆ ನುಂಗುವ ಸ್ನಾಯುಗಳಿಗೂ ಒಡೆಯ. ತೀವ್ರವಾದ ವ್ಯಾಧಿಯುಳ್ಳ ಮಗುವಿನ ಗಂಟಲಲ್ಲಿ ಗಂಜಿಯ ತೊಟ್ಟು, ಬಾಯಿಯ ಜೊಲ್ಲು ದಾರಿ ತಪ್ಪಿ ಶ್ವಾಸನಾಳಕ್ಕಿಳಿಯುತ್ತವೆ. ಎಷ್ಟೋ ವೇಳೆ ಕೆಮ್ಮು ಕೂಡ ಬಾರದು. ಬೆನ್ನು ಬಾಗಿದ್ದರೆ ಎದೆಗೂಡು ಇಕ್ಕಟ್ಟಾಗುತ್ತದೆ. ಇಂತಹ ಪುಪ್ಪುಸಕ್ಕೆ ಅರಿವಳಿಕೆಯ ಗಳಿಗೆಗಳೂ, ಆಮೇಲಿನ ನೋವೂ, ಅಲುಗಾಡದೆ ಮಲಗುವುದೂ ಸೇರಿದರೆ ಕಫವು ಕಟ್ಟಿ ಜ್ವರವೇರುತ್ತದೆ. ಶಸ್ತ್ರವೈದ್ಯರು ಹುಡುಗನ ತಾಯಿಗೆ ಕೇಳಿದ ಮೊದಲ ಪ್ರಶ್ನೆಯೂ ಕಾಲನ್ನು ಕುರಿತದ್ದಾಗಿರಲಿಲ್ಲ. "ಊಟ ಹೇಗೆ ಮಾಡಿಸುತ್ತೀರಮ್ಮ? ಮಲಗಿಸಿಯೋ, ಕೂರಿಸಿಯೋ? ಒಂದು ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ?" ಎಂದಿದ್ದರು. ಒಂದೂವರೆ ಗಂಟೆಯೆಂದು ಅವಳು ಹೇಳಿದಳು. ಒಂಬತ್ತು ವರ್ಷ ದಿನಕ್ಕೆ ಮೂರು ಸಲ ಆ ಒಂದೂವರೆ ಗಂಟೆಯನ್ನು ಕಳೆದವಳಿಗೆ ಅದು ಹೇಳತಕ್ಕ ಸಂಗತಿಯೆಂದು ಹಿಂದೆ ತೋರಿಯೇ ಇರಲಿಲ್ಲ.

ಎರಡನೆಯದು ಅನ್ನ. ಬಡಕಲಾದ ಮೈಯಲ್ಲಿ ಗಾಯವು ಕೂಡಿಕೊಳ್ಳುವುದು ನಿಧಾನ. ನಂಜು ಹತ್ತುವುದು ಬೇಗ. ಚರ್ಮ ಮೂಳೆಗಳ ನಡುವೆ ಮಾಂಸದ ಮೆತ್ತೆಯಿಲ್ಲದ ಮಗುವಿಗೆ ಒತ್ತಿದಲ್ಲೆಲ್ಲ ಹುಣ್ಣಾಗುತ್ತದೆ. ಕೆಲವು ಮಕ್ಕಳಿಗೆ ಹೊಟ್ಟೆಗೆ ನೇರವಾಗಿ ಕೊಳವೆಯಿಟ್ಟು ಆಹಾರ ಕೊಡುವುದೂ ಅಗತ್ಯವಾಗುತ್ತದೆ. ಈ ಹುಡುಗನಿಗೆ ಅಷ್ಟು ಬೇಕಾಗಲಿಲ್ಲ. ಬೆನ್ನಿಗೆ ಆಸರೆ ಕೊಟ್ಟು, ಕತ್ತು ಹಿಂದಕ್ಕೆ ಬೀಳದಂತೆ ಕೂರಿಸಿ, ನೀರಾದ ಗಂಜಿಯ ಬದಲು ಮಂದವಾದ ಅಂಬಲಿ, ಹಿಸುಕಿದ ಬಾಳೆಹಣ್ಣು, ತುಪ್ಪ ಬೆರೆಸಿ ಮೆತ್ತಗೆ ನಾದಿದ ಬೇಳೆಯನ್ನ, ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಆರು ಹೊತ್ತು ಕೊಡುವಂತೆ ಆಸ್ಪತ್ರೆಯ ಆಹಾರತಜ್ಞೆ ಬರೆದುಕೊಟ್ಟಳು. ಅಜ್ಜಿಗೆ ಇದು ಹಿಡಿಸಿತು. ಚೀಟಿಯ ಮದ್ದಿಗಿಂತ ಒಲೆಯ ಮದ್ದಿನಲ್ಲಿ ಅವಳಿಗೆ ನಂಬಿಕೆ. ಮೂರು ತಿಂಗಳಾಗುವಲ್ಲಿ ತೂಕವು 15 ಕಿಲೋಗೆ ಬಂದಿತು. ತಕ್ಕಡಿಯ ಮುಳ್ಳನ್ನು ನೋಡಿ ಶಸ್ತ್ರವೈದ್ಯರು ತಲೆದೂಗಿದರು.

ಇನ್ನು ಸಣ್ಣವೆಂದು ತೋರುವ ಕೆಲವು ಸಂಗತಿಗಳಿವೆ. ಈ ಮಕ್ಕಳಲ್ಲಿ ಹಲವರಿಗೆ ಮೂರ್ಛೆರೋಗವೂ ಇರುತ್ತದೆ. ಶಸ್ತ್ರಕ್ರಿಯೆಯ ದಿನ ಉಪವಾಸವೆಂದು ಬೆಳಗಿನ ಮಾತ್ರೆಯನ್ನೂ ಬಿಟ್ಟರೆ ಸೆಳವು ಬರಬಹುದು. ಆ ಮಾತ್ರೆಗಳಲ್ಲಿ ಒಂದಾದ ವಾಲ್ಪ್ರೊಯೇಟ್ ಕೆಲವರಲ್ಲಿ ರಕ್ತವು ಹೆಪ್ಪುಗಟ್ಟುವುದನ್ನು ಕುಂದಿಸುವುದರಿಂದ ಮುಂಚಿತವಾಗಿ ರಕ್ತಪರೀಕ್ಷೆಯಾಗಬೇಕು. ತೆಳುವಾದ ಮೈ ಶಸ್ತ್ರಶಾಲೆಯ ತಂಪಿನಲ್ಲಿ ಬೇಗನೆ ತಣ್ಣಗಾಗುತ್ತದೆ, ಬೆಚ್ಚಗಿಡಬೇಕು. ನೋವಿನ ಮದ್ದಿನಿಂದ ಮಲಬದ್ಧತೆಯಾದರೆ ಹೊಟ್ಟೆ ಉಬ್ಬಿ, ಊಟ ನಿಂತು, ಸೆಡೆತ ಹೆಚ್ಚುತ್ತದೆ. ಇವುಗಳಲ್ಲಿ ಯಾವುದನ್ನೂ ಕತ್ತಿಯ ಚಾತುರ್ಯವು ತಪ್ಪಿಸಲಾರದು. ಮೊದಲೇ ಕೇಳಿ, ಬರೆದಿಟ್ಟು, ಮರೆಯದೆ ಇರುವವರು ತಪ್ಪಿಸಬಲ್ಲರು.

2019ನೆಯ ಇಸವಿಯ ಮೊದಲ ವಾರಗಳಲ್ಲಿ ಶಸ್ತ್ರಕ್ರಿಯೆಯಾಯಿತು. ನಾಲ್ಕು ಗಂಟೆಗಳ ಕಾಲ ತಂದೆ ತಾಯಿಗಳಿಬ್ಬರೂ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದರು. ಹೊರಗೆ ತಂದಾಗ ಹುಡುಗನ ಎರಡು ಕಾಲುಗಳಿಗೂ ತೊಡೆಯಿಂದ ಬೆರಳುಗಳವರೆಗೆ ಪ್ಲಾಸ್ಟರು ಹಾಕಿ, ಕಾಲುಗಳು ಅಗಲವಾಗಿಯೇ ಇರುವಂತೆ ನಡುವೆ ಒಂದು ಅಡ್ಡಕೋಲನ್ನು ಕೂಡಿಸಿದ್ದರು. ಕೀಲು ಸರಿಯಾಗಿ ಕುಳಿತಿದೆಯೆಂದು ವೈದ್ಯರು ಹೇಳಿದರು. ತಂದೆ ಊರಿಗೆ ದೂರವಾಣಿಯಲ್ಲಿ ಸುದ್ದಿ ಮುಟ್ಟಿಸಿ, ಎಲ್ಲವೂ ಮುಗಿಯಿತೆಂದನು.

ಮುಗಿದಿರಲಿಲ್ಲ. ಎರಡನೆಯ ರಾತ್ರಿ ಹುಡುಗನು ನರಳತೊಡಗಿದನು. ಮೂಳೆಯನ್ನು ಕೊಯ್ದ ಮೇಲೆ ನೋವಿರುವುದು ಸಹಜ. ಅದರೊಡನೆ ಈ ಮಕ್ಕಳಿಗೆ ಸ್ನಾಯುಗಳು ಥಟ್ಟನೆ ಸೆಡೆತುಕೊಳ್ಳುವ ಬಾಧೆಯೂ ಇರುತ್ತದೆ. ಸರದಿಯಲ್ಲಿದ್ದ ಯುವವೈದ್ಯನು ಬಂದು, ಸೆಡೆತವೆಂದು ಹೇಳಿ, ಅದಕ್ಕೆ ತಕ್ಕ ಮದ್ದನ್ನು ಕೊಡಿಸಿ ಹೋದನು. ಅವನ ಎಣಿಕೆ ತಪ್ಪೆನ್ನುವ ಹಾಗಿರಲಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇದ್ದೀತು. ತಾಯಿಗೆ ಮಾತ್ರ ಸಮಾಧಾನವಾಗಲಿಲ್ಲ. ಸೆಡೆತ ಬಂದಾಗ ಮಗನು ಬೆನ್ನು ಬಿಲ್ಲಾಗಿಸಿ ಕೂಗುತ್ತಾನೆ. ಕೂಗು ಬಂದು ಹೋಗುತ್ತದೆ. ಈಗ ಅವನು ಕೂಗುತ್ತಿರಲಿಲ್ಲ. ಹಲ್ಲು ಕಚ್ಚಿ, ಕಣ್ಣುಗಳನ್ನು ಎಡಕ್ಕೆ ಹೊರಳಿಸಿಕೊಂಡು, ಬಿಡುವಿಲ್ಲದೆ, ಸ್ವರವಿಲ್ಲದೆ ಅಳುತ್ತಿದ್ದನು. ಕೀಲಿನ ನೋವಿನ ದಿನಗಳಲ್ಲಿ ಅವಳು ಕಂಡಿದ್ದ ಅಳು ಅದು.

ರಾತ್ರಿ ಎರಡು ಗಂಟೆಯ ಹೊತ್ತಿಗೆ ಅವಳು ದಾದಿಯ ಮೇಜಿನ ಬಳಿಗೆ ಹೋದಳು.

"ಸಿಸ್ಟರ್, ಇದು ಸೆಡೆತದ ಅಳುವಲ್ಲ. ಎಲ್ಲಿಯೋ ಒತ್ತುತ್ತಿದೆ."

"ಡಾಕ್ಟರು ನೋಡಿ ಹೋಗಿದ್ದಾರಲ್ಲ ಅಮ್ಮ. ಮದ್ದು ಹಿಡಿಯಲು ಸ್ವಲ್ಪ ಹೊತ್ತು ಬೇಕು."

"ಒಂಬತ್ತು ವರ್ಷದಿಂದ ಇವನ ಅಳು ಕೇಳುತ್ತಿದ್ದೇನೆ, ಸಿಸ್ಟರ್. ಒಮ್ಮೆ ಬಂದು ನೋಡಿ."

ದಾದಿ ಚಿಕ್ಕ ವಯಸ್ಸಿನವಳು. ಆ ಸರದಿಯಲ್ಲಿ ಮೂವತ್ತು ಹಾಸಿಗೆಗಳನ್ನು ನೋಡಿಕೊಳ್ಳಬೇಕಾಗಿದ್ದವಳು. ಆದರೂ ಎದ್ದು ಬಂದಳು. ಬೆರಳುಗಳ ಬಣ್ಣವನ್ನೂ ಬಿಸಿಯನ್ನೂ ನೋಡಿದಳು; ಸರಿಯಾಗಿದ್ದುವು. ಬಗ್ಗಿ ಬಲ ಹಿಮ್ಮಡಿಯ ಬಳಿ ಪ್ಲಾಸ್ಟರಿನ ಮೇಲೆ ಬೆರಳೊತ್ತಿದಾಗ ಹುಡುಗನ ಮೈಯೆಲ್ಲ ನಡುಗಿತು. ಅವಳು ಮತ್ತೆ ವೈದ್ಯನನ್ನು ಕರೆಯಿಸಿದಳು. ಅವನು ಬೇಸರಪಡದೆ ಗರಗಸದಿಂದ ಹಿಮ್ಮಡಿಯ ಬಳಿ ಒಂದು ಕಿಟಕಿಯನ್ನು ಕೊಯ್ದನು. ಒಳಗೆ ರೂಪಾಯಿ ಬಿಲ್ಲೆಯಗಲದ ಚರ್ಮವು ಕೆಂಪು ಮೀರಿ ನೇರಳೆಗೆ ತಿರುಗಿದ್ದಿತು, ಇನ್ನೂ ಒಡೆದಿರಲಿಲ್ಲ. ಕಿಟಕಿ ತೆರೆದ ಕಾಲುಗಂಟೆಯಲ್ಲಿ ಹುಡುಗನು ನಿದ್ರೆಹೋದನು. ಬೆಳಗಿನವರೆಗೆ ಹಾಗೆಯೇ ಬಿಟ್ಟಿದ್ದರೆ, ಆರು ವಾರಗಳ ಬಳಿಕ ಪ್ಲಾಸ್ಟರನ್ನು ತೆಗೆಯುವಾಗ ಮೂಳೆಯವರೆಗೆ ಕೊರೆದ ಹುಣ್ಣು ಕಾಣಬಹುದಾಗಿದ್ದಿತು.

ಮಾತುಳ್ಳ ಮಗುವಾಗಿದ್ದರೆ "ಹಿಮ್ಮಡಿ ಉರಿಯುತ್ತದೆ" ಎಂದು ಸಂಜೆಗೇ ಹೇಳಿರುತ್ತಿದ್ದಿತು. ಮಾತಿಲ್ಲದ ರೋಗಿಯ ನೋವನ್ನು ಓದುವುದು ಒಂದು ಪ್ರತ್ಯೇಕ ವಿದ್ಯೆ. ಮುಖ, ಕಾಲು, ಮೈಯ ಚಲನೆ, ಅಳು, ಸಂತೈಸಿದರೆ ಸುಮ್ಮನಾಗುವುದೋ ಇಲ್ಲವೋ, ಈ ಐದನ್ನು ನೋಡಿ ಒಂದೊಂದಕ್ಕೆ 0ಯಿಂದ 2ರವರೆಗೆ ಅಂಕವಿತ್ತು, 10ರೊಳಗೆ ನೋವನ್ನು ಅಳೆಯುವ ಒಂದು ಕ್ರಮವನ್ನು ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯದವರು 1997ರಲ್ಲಿ ಪ್ರಕಟಿಸಿದರು. ಆದರೆ ಕಾಲು ಯಾವಾಗಲೂ ಸೆಟೆದೇ ಇರುವ ಮಗುವಿನಲ್ಲಿ ಕಾಲಿನ ಬಿಗಿತವು ಯಾವುದರ ಗುರುತು? ಆದುದರಿಂದ ಮುಂದೆ ಆ ಕ್ರಮವನ್ನು ತಿದ್ದಿ, ಆಯಾ ಮಗುವು ನೋವಿನಲ್ಲಿ ವಿಶೇಷವಾಗಿ ಏನು ಮಾಡುತ್ತದೆಂಬುದನ್ನು ತಂದೆ ತಾಯಿಗಳಿಂದ ಕೇಳಿ ಅದೇ ಹಾಳೆಯಲ್ಲಿ ಬರೆದಿಡಲು ಸ್ಥಳವನ್ನು ಕಲ್ಪಿಸಿದರು. ತಾಯಿಗೆ ಮಾತ್ರ ತಿಳಿದುದನ್ನು ರಾತ್ರಿಯ ಸರದಿಯ ದಾದಿಗೂ ತಿಳಿಯುವಂತೆ ಮಾಡುವ ಈ ಒಂದು ಗೆರೆಯ ಬರಹದ ಬೆಲೆಯು ಲೋಹದ ಪಟ್ಟಿಯ ಬೆಲೆಗೆ ಕಡಮೆಯಲ್ಲ. ಮರುದಿನ ಬೆಳಗ್ಗೆ ಶಸ್ತ್ರವೈದ್ಯರು ಹುಡುಗನ ಹಾಸಿಗೆಯ ಕಾಗದದ ಮೇಲೆ ತಮ್ಮ ಕೈಯಿಂದಲೇ ಬರೆದರು: "ಹಲ್ಲು ಕಚ್ಚಿ ಎಡಕ್ಕೆ ನೋಡಿದರೆ ಒತ್ತುನೋವು. ತಾಯಿಯನ್ನು ಕೇಳಿ."

ಪ್ಲಾಸ್ಟರು ತೆಗೆದ ಮೇಲೂ ಕಾಪು ಸಡಿಲವಾಗತಕ್ಕದ್ದಲ್ಲ. ನಿಂತು ನಡೆಯದ ಮಗುವಿನ ಮೂಳೆಗಳು ಮೊದಲೇ ಬಡವು. ಆರು ವಾರಗಳ ನಿಶ್ಚಲತೆಯಿಂದ ಇನ್ನಷ್ಟು ಸೊರಗುತ್ತವೆ. ಮೊದಲ ದಿನಗಳಲ್ಲಿ ಬಟ್ಟೆ ತೊಡಿಸುವಾಗ, ವ್ಯಾಯಾಮ ಮಾಡಿಸುವಾಗ, ಮೊಣಕಾಲಿನ ಮೇಲ್ಗಡೆ ಮೂಳೆಯು ಮುರಿದುದುಂಟು. ಬಹುಕಾಲ ಮಡಿಸಿದ್ದ ಮೊಣಕಾಲನ್ನು ಒಂದೇ ಸಲಕ್ಕೆ ನೇರಮಾಡಿ ಕಟ್ಟಿದರೆ ಹಿಂದಿನ ನರವು ಎಳೆದು ಪಾದವು ಜೋಮು ಹಿಡಿಯಬಹುದು. ತಿದ್ದಿದ ಕೀಲು ಮತ್ತೆ ಜಾರಬಹುದು. ತೊಡೆಮೂಳೆಯ ಗುಂಡಿಗೆ ರಕ್ತವು ಸಾಲದೆ ಅದು ಕುಗ್ಗಬಹುದು. ಹೆಚ್ಚಾಗಿ ತಿದ್ದುವುದೂ ಒಂದು ಅಪಾಯವೇ. ತುದಿಗಾಲಿನಲ್ಲಿ ನಡೆಯುವ ಮಗುವಿನ ಹಿಮ್ಮಡಿಯ ರಜ್ಜುವನ್ನು ಬೇಕಾದುದಕ್ಕಿಂತ ಉದ್ದಮಾಡಿದರೆ ಹಿಮ್ಮಡಿ ನೆಲಕ್ಕೆ ಮುಟ್ಟುತ್ತದೆ, ನೋಡಿದವರು ಸಂತೋಷಪಡುತ್ತಾರೆ. ಆದರೆ ಮೀನಖಂಡದ ಬಲವು ಸೋತುಹೋಗಿ, ಕೆಲವು ವರ್ಷಗಳಲ್ಲಿ ಮೊಣಕಾಲು ಮಡಿಸಿಕೊಂಡು ಮಗು ಕುಕ್ಕರಿಸಿದಂತೆ ನಡೆಯತೊಡಗುತ್ತದೆ. ಇದನ್ನು ಸರಿಪಡಿಸುವುದು ಮೊದಲಿನದಕ್ಕಿಂತ ಕಠಿನ.

ಒಂದು ವರ್ಷ ಹಿಮ್ಮಡಿ, ಮರುವರ್ಷ ಮೊಣಕಾಲು, ಅದರ ಮರುವರ್ಷ ತೊಡೆ ಎಂದು ವರ್ಷಕ್ಕೊಂದರಂತೆ ಶಸ್ತ್ರಕ್ರಿಯೆ ಮಾಡುವ ಪದ್ಧತಿಯು ಬಹುಕಾಲ ರೂಢಿಯಲ್ಲಿದ್ದಿತು. ಈ ಮಕ್ಕಳು ಪ್ರತಿ ಹುಟ್ಟುಹಬ್ಬವನ್ನೂ ಆಸ್ಪತ್ರೆಯಲ್ಲಿಯೇ ಕಳೆಯಬೇಕಾಗುವುದನ್ನು ಕಂಡ ಟೊರಾಂಟೊ ನಗರದ ಮಕ್ಕಳ ಶಸ್ತ್ರವೈದ್ಯ ಮರ್ಸರ್ ರಾಂಗನು ಅದಕ್ಕೆ ಹುಟ್ಟುಹಬ್ಬದ ರೋಗವೆಂದು ಕಹಿಯಾದ ಹೆಸರನ್ನಿಟ್ಟನು. ನಡೆಯಬಲ್ಲ ಮಕ್ಕಳಲ್ಲಿ ಎಲ್ಲ ದೋಷಗಳನ್ನೂ ಮೊದಲೇ ಅಳೆದು, ಒಂದೇ ಸಲಕ್ಕೆ ತಿದ್ದುವುದು ಈಗಿನ ಒಲವು. ಇದರಿಂದ ಬಾಲ್ಯದ ವರ್ಷಗಳು ಉಳಿಯುತ್ತವೆ; ಆದರೆ ಆ ಒಂದು ದಿನದ ಅರಿವಳಿಕೆ, ರಕ್ತನಷ್ಟ, ನೋವು ಹೆಚ್ಚುತ್ತವೆ. ಲಾಭ ನಷ್ಟಗಳನ್ನು ತೂಗಿ ನೋಡುವ ತಕ್ಕಡಿಯು ಪ್ರತಿ ಮಗುವಿಗೂ ಬೇರೆ.

ಎಲ್ಲಕ್ಕಿಂತ ಮೇಲಾದ ಕಾಪು ದೊಡ್ಡ ಶಸ್ತ್ರಕ್ರಿಯೆಯ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು. ಸ್ವೀಡನ್ ದೇಶದ ದಕ್ಷಿಣ ಭಾಗದಲ್ಲಿ 1994ರಲ್ಲಿ ಒಂದು ಏರ್ಪಾಡು ಆರಂಭವಾಯಿತು. ಈ ವ್ಯಾಧಿಯ ಮಕ್ಕಳನ್ನೆಲ್ಲ ಪಟ್ಟಿಮಾಡಿ, ನೋವು ಬರುವುದಕ್ಕೆ ಕಾಯದೆ, ಗೊತ್ತಾದ ಕಾಲಕ್ಕೆ ಸೊಂಟದ ಕ್ಷಕಿರಣಚಿತ್ರವನ್ನು ತೆಗೆಯಿಸುವುದು. ಗುಂಡು ಸರಿಯಲಾರಂಭಿಸಿದರೆ ಆಗಲೇ ಸಣ್ಣ ಉಪಾಯಗಳಿಂದ ತಡೆಯುವುದು. ಕೀಲು ಪೂರ್ತಿಯಾಗಿ ತಪ್ಪುವುದು ಅಲ್ಲಿ ಬಹುಮಟ್ಟಿಗೆ ನಿಂತುಹೋಯಿತು. ಮೊದಲು ಜಾರುವಾಗ ಕೀಲು ನೋಯುವುದಿಲ್ಲ. ಹೊರಗಿನಿಂದ ಕಾಣುವುದೂ ಇಲ್ಲ. ನೋವು ಕಾಣಿಸಿಕೊಂಡಾಗ ಸಣ್ಣ ಉಪಾಯದ ಕಾಲವು ಮೀರಿರುತ್ತದೆ. ಮಲೆನಾಡಿನ ಆ ಹುಡುಗನಿಗೆ ಎರಡು ಮೂರು ವರ್ಷದವನಾಗಿದ್ದಾಗಲೇ ಒಂದು ಚಿತ್ರ ತೆಗೆಯಿಸಿದ್ದರೆ ನಾಲ್ಕು ಗಂಟೆಗಳ ಆ ಶಸ್ತ್ರಕ್ರಿಯೆಯು ತಪ್ಪಿರಬಹುದಾಗಿದ್ದಿತು. ಅವನ ಮನೆಯವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮನೆಯಲ್ಲಾಗಲಿ ನೆರೆಯಲ್ಲಾಗಲಿ ಅಂತಹ ಮಗುವಿರುವ ವಾಚಕರು ಇದೊಂದು ಮಾತನ್ನು ನೆನಪಿನಲ್ಲಿಟ್ಟು, ಬಲ್ಲ ವೈದ್ಯರಲ್ಲಿ ವಿಚಾರಿಸಿದರೆ ಸಾಕು.

ಆ ವರ್ಷದ ಯುಗಾದಿಗೆ ಹುಡುಗನು ಮನೆಯಲ್ಲಿದ್ದನು. ಹಿಮ್ಮಡಿಯ ಚರ್ಮವು ಒಡೆಯದೆ ಮಾಸಿಹೋಗಿದ್ದಿತು. ಮೀಸುವಾಗ ತಾಯಿ ತೊಡೆಗಳ ನಡುವೆ ಟವಲನ್ನಿಟ್ಟರೆ ಅವನು ಸುಮ್ಮನೆ ಅವಳ ಮುಖವನ್ನು ನೋಡುತ್ತಿದ್ದನು. ಬೆನ್ನಿಗೆ ಆಸರೆಯುಳ್ಳ ಒಂದು ಗಾಲಿಕುರ್ಚಿಯನ್ನು ತಂದೆ ತರಿಸಿದ್ದನು. ಹಬ್ಬದ ಬೆಳಗ್ಗೆ ಅವನು ಹೊಸ್ತಿಲಿನ ಮೇಲೆ ಒಂದು ಹಲಗೆಯನ್ನು ಇಳಿಜಾರಾಗಿ ಹಾಕಿ, ಮಗನನ್ನು ಕೂರಿಸಿದ ಕುರ್ಚಿಯನ್ನು ಅಂಗಳಕ್ಕೆ ಇಳಿಸಿದನು. ಒಳಗೆ ಹೋಳಿಗೆ ಬೇಯಿಸುತ್ತಿದ್ದ ಅಜ್ಜಿ ಗಾಲಿಯ ಸದ್ದಿಗೆ ಹೊರಗೆ ಬಂದಳು. ಹಲಗೆಯನ್ನೂ ಅಂಗಳದಲ್ಲಿದ್ದ ಮೊಮ್ಮಗನನ್ನೂ ನೋಡಿದಳು. "ನೋಡಮ್ಮ," ಎಂದಳು ಸೊಸೆಗೆ, "ಇವತ್ತು ಹಿಟ್ಟು ಇನ್ನೂ ಸ್ವಲ್ಪ ಕಲಸು. ಪಕ್ಕದ ಮನೆಗಳಿಗೂ ಕೊಟ್ಟು ಬರೋಣ."